ಎರಡು ಗೂಡಿನ ಪೆಟ್ಟಿಗೆ

ಪೆಟ್ಟಿಗೆಗೆ ಕಿವಿ ಹಚ್ಚಿ ನಿಂತಿದ್ದ ಅವನಿಗೆ ಒಳಗಿನ ಫ್ಯಾನಿನ ಸದ್ದಿಗಿಂತ, ಬೆನ್ನ ಹಿಂದೆ ಅಕ್ಕ ಚಪ್ಪಲಿಯ ತುದಿಯಿಂದ ನೆಲ ತಟ್ಟುತ್ತಿದ್ದ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಈ ಅಂಗಡಿಯಲ್ಲಿ ಇದು ಅವನ ಆರನೆಯ ಸೋಮವಾರ. ಅಂಗಡಿಯಾಕೆ ಮೊದಲ ಸಲ ಅವನನ್ನು ಸರ್ ಎಂದಿದ್ದಳು, ಮೂರನೆಯ ಸಲ ಬನ್ನಿ ಬನ್ನಿ ಎಂದಿದ್ದಳು, ಈಗ ಅವನ ನೆರಳು ಗಾಜಿನ ಬಾಗಿಲ ಮೇಲೆ ಬೀಳುತ್ತಲೇ ಒಳಕೋಣೆಯಲ್ಲಿದ್ದ ಗಂಡನಿಗೆ, "ಸೋಮವಾರದವರು ಬಂದ್ರು ರೀ, ಆ ಎರಡು ಗೂಡಿಂದೂ ನಾಲ್ಕು ಗೂಡಿಂದೂ ಈಚೆ ಇಡಿ" ಎಂದು ಕೂಗುತ್ತಿದ್ದಳು. ಎರಡು ದಪ್ಪ ಪುಸ್ತಕ ಜೋಡಿಸಿಟ್ಟಷ್ಟು ಗಾತ್ರದ ಕಪ್ಪು ಪೆಟ್ಟಿಗೆ ಅದು. ಒಳಗೆ ಡಿಸ್ಕುಗಳನ್ನು ನಿಲ್ಲಿಸುವ ಗೂಡುಗಳು, ಹಿಂದೆ ಒಂದು ತಂತಿ. ಆಫೀಸಿನ ನೆಟ್ಟಿಗೆ ಆ ತಂತಿ ಸಿಕ್ಕಿಸಿದರೆ ಅವನ ಕಂಪ್ಯೂಟರಿಗೂ ಅಕ್ಕನ ಕಂಪ್ಯೂಟರಿಗೂ ಒಂದೇ ಕಪಾಟು. ಇಷ್ಟು ಸರಳವಾದ ವಸ್ತುವಿನ ಬಗ್ಗೆ ಒಬ್ಬ ಮನುಷ್ಯ ಆರು ವಾರ ಮೀನಮೇಷ ಎಣಿಸುವುದು ಹೇಗೆ ಸಾಧ್ಯ ಎಂದು ಅಂಗಡಿಯಾಕೆಗೆ ಆಶ್ಚರ್ಯ. ಎಣಿಸುವುದು ಎಷ್ಟು ಕಷ್ಟ ಎಂಬುದು ಅವನಿಗೊಬ್ಬನಿಗೇ ಗೊತ್ತು. ಒಂದು ವಾರ ಡಿಸ್ಕು ಬಿಸಿಯಾಗುತ್ತದೆಯೇ ಎಂದು ಕೇಳಿದ್ದ, ಇನ್ನೊಂದು ವಾರ ಕರೆಂಟು ಹೋದರೆ ಏನು ಗತಿ ಎಂದು, ಕಳೆದ ವಾರ ಬೇರೆ ಏನೂ ತೋಚದೆ, ಇದು ಬೇರೆ ಬಣ್ಣದಲ್ಲಿ ಬರುತ್ತದೆಯೇ ಎಂದು ಕೇಳಿ ತನ್ನ ಕಿವಿಗೇ ನಾಚಿಕೆಯಾಗುವಂತೆ ಮಾಡಿಕೊಂಡಿದ್ದ.

"ಏನಂತೆ ಅದು? ಉಸಿರಾಡ್ತಾ ಇದೆಯಂತಾ?" ಅಕ್ಕ ಕೇಳಿದಳು.

ನಾಲ್ಕು ತಿಂಗಳ ಹಿಂದೆ ಗಂಟಲಿನ ಆಪರೇಷನ್ ಆದ ಮೇಲೆ ಅಕ್ಕನ ದನಿ ಒಂದು ಮೆಟ್ಟಿಲು ಕೆಳಗಿಳಿದು ಅಲ್ಲೇ ಕೂತುಬಿಟ್ಟಿದೆ. ಹಳೆಯ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಂತೆ ಒರಟಾಗಿ, ಅಲ್ಲಲ್ಲಿ ತಡೆದು ಬರುತ್ತದೆ. ಫೋನಿನಲ್ಲಿ ಎಲ್ಲರೂ ಹೇಳಿ ಸರ್ ಎನ್ನುತ್ತಾರೆಂದು ಅವಳೇ ಎಲ್ಲರಿಗಿಂತ ಮುಂಚೆ ನಗುತ್ತಾಳೆ. ಇವತ್ತು ಬೆಳಿಗ್ಗೆ ಅವನು ಚೀಲ ಹೆಗಲಿಗೆ ಏರಿಸುವಾಗ ತಾನೂ ಚಪ್ಪಲಿ ಮೆಟ್ಟಿ, "ನಡಿ, ನಿನ್ನ ಪೆಟ್ಟಿಗೆಯ ಮದುವೆ ಇವತ್ತು ಮುಗಿಸಿಬಿಡೋಣ" ಎಂದಿದ್ದಳು. ದಾರಿಯುದ್ದಕ್ಕೂ ಅವನು ಇವತ್ತು ಕೇಳಲು ಹೊಸ ಅನುಮಾನವೊಂದನ್ನು ಹುಡುಕುತ್ತಿದ್ದ.

ಹದಿನೇಳು ವರ್ಷದಿಂದ ಅವರಿಬ್ಬರದು ಎರಡೇ ಕೋಣೆಯ ಆಫೀಸು. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿ ಹಿಡಿಯುವ ಕೆಲಸ. ಒಳಕೋಣೆಯಲ್ಲಿ ಮೈಕಿನ ಮುಂದೆ ಅಕ್ಕ, ಹೊರಕೋಣೆಯಲ್ಲಿ ಯಂತ್ರದ ಮುಂದೆ ಅವನು, ನಡುವೆ ದಪ್ಪ ಗಾಜು. ಗಾಜಿನಾಚೆಯಿಂದ ಅವಳು ಹುಬ್ಬೇರಿಸಿದರೆ 'ಆಯಿತಾ?' ಎಂದರ್ಥ, ಅವನು ತಲೆಯಾಡಿಸಿದರೆ 'ಸರಿ, ಮುಂದಕ್ಕೆ ಹೋಗು' ಎಂದರ್ಥ. ಮೇಜಿನ ಮೇಲೆ ಮಾತಾಡುವ ಗುಂಡಿಯೊಂದಿದೆ, ಒತ್ತಿದರೆ ಅವನ ದನಿ ಅವಳ ಕಿವಿಗೆ ಹೋಗುತ್ತದೆ. ಆದರೆ ಅದರ ಮೇಲೆ ಧೂಳು ಕೂತು ಎಷ್ಟೋ ಕಾಲವಾಗಿತ್ತು. ತಲೆಯಾಡಿಸಿ ನಡೆಯುವ ಸಂಸಾರದಲ್ಲಿ ಗುಂಡಿ ಯಾಕೆ? ಪ್ರತಿ ಓದಿಗೂ ಮೊದಲು ಇಬ್ಬರೂ ಅಲ್ಲಾಡದೆ ಮೂವತ್ತು ಸೆಕೆಂಡು ಕೂರುತ್ತಾರೆ. ಆ ಹೊತ್ತಿನ ಕೋಣೆಯ ಮೌನವನ್ನು ಬೇರೆಯಾಗಿ ಹಿಡಿದಿಡಬೇಕು. ಆಮೇಲೆ ಕೆಮ್ಮನ್ನೋ ತಪ್ಪನ್ನೋ ಕತ್ತರಿಸಿದ ಜಾಗಕ್ಕೆ ಅದೇ ಮೌನದ ತೇಪೆ ಹಾಕಬೇಕು, ಇಲ್ಲದಿದ್ದರೆ ಕೇಳುವವರಿಗೆ ತೂತು ಗೊತ್ತಾಗುತ್ತದೆ. ಉಸಿರನ್ನೂ ಅವನು ಕತ್ತರಿಸುತ್ತಾನೆ. ಅವನ ಚಿಕ್ಕಂದಿನಲ್ಲಿ ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಾ ಪದ್ಯ ಹೇಳುತ್ತಿದ್ದಳು. ಯಂತ್ರದ ಕೆಳಗೆ ಬಟ್ಟೆ ಚೂರುಗಳ ನಡುವೆ ಮಲಗಿ ಅವನು ಕೇಳುತ್ತಿದ್ದ, ಪಕ್ಕದ ಮಣೆಯ ಮೇಲೆ ಕೂತು ಅಕ್ಕ ದನಿಗೂಡಿಸುತ್ತಿದ್ದಳು. ಸಾಲು ಮುಗಿದಾಗ ಕಾಲು ನಿಲ್ಲುತ್ತಿತ್ತು, ಅಮ್ಮ ಉಸಿರು ಎಳೆದುಕೊಳ್ಳುತ್ತಿದ್ದಳು, ಮತ್ತೆ ಸಾಲು, ಮತ್ತೆ ಕಾಲು. ಆ ಪದ್ಯಗಳ ಅರ್ಥ ಈಗ ಅವನಿಗೆ ಅಷ್ಟಕ್ಕಷ್ಟೇ, ಅಮ್ಮ ಉಸಿರು ತೆಗೆದುಕೊಂಡ ಜಾಗಗಳು ಮಾತ್ರ ಒಂದೂ ಮರೆತಿಲ್ಲ. ಅಂಥವನ ಹೊಟ್ಟೆಪಾಡು ಉಸಿರು ಕತ್ತರಿಸುವುದರಲ್ಲಿ ಬಂದು ನಿಂತಿದೆಯಲ್ಲ ಎಂದು ಒಮ್ಮೊಮ್ಮೆ ಅವನು ದೇವರಿಗೆ ತಕರಾರು ಹೇಳುವುದುಂಟು.

"ನಾಲ್ಕು ಗೂಡಿಂದು ತಗೊಂಡ್ರೆ ಮುಂದಕ್ಕೂ ಆಗುತ್ತೆ" ಎಂದಳು ಅಂಗಡಿಯಾಕೆ. "ಆದ್ರೆ ನೀವಿಬ್ಬರೇ ಅಂದ್ರೆ ಎರಡೇ ಧಾರಾಳವಾಯ್ತು. ಇದನ್ನ ನಾನು ಹೇಳ್ತಾ ಇರೋದು ಆರನೇ ಸಲ."

"ಇವನಿಗೆ ಏಳನೇ ಸಲಕ್ಕೆ ಅರ್ಥವಾಗೋದು ಅಮ್ಮಾ. ಚಿಕ್ಕಂದಿನಿಂದಲೂ ಹಾಗೇನೆ" ಎಂದಳು ಅಕ್ಕ. ಇಬ್ಬರೂ ನಕ್ಕರು. ನಲವತ್ತಾರು ವರ್ಷದ ಅವನು ಪೆಟ್ಟಿಗೆಯ ಹಿಂಬದಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಪೆಟ್ಟಿಗೆ ಆಫೀಸಿಗೆ ಬಂತೆಂದರೆ ಬಿಸ್ಕತ್ತಿನ ಡಬ್ಬದಲ್ಲಿ ತುಂಬಿರುವ ಹನ್ನೊಂದು ಹಳೆಯ ಡ್ರೈವುಗಳಲ್ಲಿರುವುದನ್ನೆಲ್ಲ ಅದಕ್ಕೆ ಇಳಿಸಬೇಕು. ಇಳಿಸುವಾಗ ಅಕ್ಕ ಪಟ್ಟಿ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ, ಒಂದೊಂದು ಪುಸ್ತಕಕ್ಕೂ ಒಂದೊಂದು ಅಧ್ಯಾಯಕ್ಕೂ ಪೆನ್ಸಿಲಿನ ಗೆರೆ ಹಾಕುತ್ತಾಳೆ. ಕಡಲ ದಂಡೆಯ ದೀಪಸ್ತಂಭ ಕಾಯುವವನ ಹೆಂಡತಿಯ ಕಥೆಯೊಂದಿದೆ, ಹನ್ನೆರಡು ಅಧ್ಯಾಯದ್ದು. ಅದರ ಹತ್ತಿರ ಬಂದಾಗ ಪೆನ್ಸಿಲು ಎಂಟರ ನಂತರ ನಿಂತುಬಿಡುತ್ತದೆ. ಒಂಬತ್ತು ಇಲ್ಲ. ಗಂಟಲಿನ ಆಪರೇಷನ್‌ನ ಹಿಂದಿನ ಸಂಜೆ, ಗಂಟಲು ನೋಯುತ್ತಿದ್ದರೂ ಹಟ ಹಿಡಿದು ಅಕ್ಕ ಓದಿ ಮುಗಿಸಿದ ಅಧ್ಯಾಯ ಅದು. ಕಿವುಡ ಗಂಡನ ಮುಂದೆ ಹೆಂಡತಿ ತನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ಹದಿನೆಂಟು ಪುಟ ಆಡಿಬಿಡುತ್ತಾಳೆ. ಹಳೆಯ ದನಿಯಲ್ಲಿ ಅಕ್ಕ ಓದಿದ ಕಡೆಯ ಹದಿನೆಂಟು ಪುಟ. ಇಡೀ ಲೋಕದಲ್ಲಿ ಅದು ಇಲ್ಲ ಎಂಬುದು ಅವನೊಬ್ಬನಿಗೆ ಗೊತ್ತು, ದೇವರಿಗೆ ಗೊತ್ತು.

ಆಪರೇಷನ್ ದಿನ ಆಸ್ಪತ್ರೆಯ ಬಿಳಿ ಬಾಗಿಲ ಹತ್ತಿರ ಅಕ್ಕ ತನ್ನ ಕೈಚೀಲವನ್ನು ಅವನ ಕೈಗೆ ಕೊಟ್ಟಿದ್ದಳು. ಕನ್ನಡಕ, ಬೀಗದ ಕೈ, ಒಂದು ಬಾಚಣಿಗೆ, ಮತ್ತೆ ಅವಳು ದಿನವೂ ಮನೆಗೆ ಒಯ್ಯುತ್ತಿದ್ದ ಡ್ರೈವು. ಆಫೀಸಿನಲ್ಲೊಂದು ಪ್ರತಿ, ಅಕ್ಕನ ಚೀಲದಲ್ಲೊಂದು ಪ್ರತಿ, ಇದು ಅವರ ಪದ್ಧತಿ. "ಇಲ್ಲಿ ಕೂತು ಗೋಡೆ ನೋಡಬೇಡ, ಹೋಗಿ ಕೆಲಸ ನೋಡು" ಎಂದು ಹೇಳಿ ಅವಳು ಒಳಗೆ ಹೋದಳು. ಅವನು ಆಫೀಸಿಗೆ ಬಂದು ಕೈಗೆ ಏನಾದರೂ ಕೆಲಸ ಬೇಕೆಂದು, ಶುದ್ಧ ಮಾಡಿ ಮುಗಿದಿದ್ದ ಎಂಟು ಅಧ್ಯಾಯಗಳ ಹಸಿ ಓದನ್ನು, ಕೆಮ್ಮು ತಪ್ಪುಗಳೆಲ್ಲ ಇರುವ ಮೂಲವನ್ನು, ಅಳಿಸಲು ಕೂತ. ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಎಂಟರ ಜೊತೆ ಒಂಬತ್ತೂ ಹೋಯಿತು. ಕಸ ಹಾಗೇ ಬಿಡಬಾರದೆಂದು ಅಮ್ಮ ಕಲಿಸಿದ್ದರಿಂದ ಕೂಡಲೇ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಆಮೇಲೆ, ಅಕ್ಕನಿಗೆ ಏನಾದರೂ ಆಗಿಬಿಟ್ಟರೆ ಅವಳ ದನಿಯಾದರೂ ಎರಡು ಕಡೆ ಇರಲಿ ಎಂಬ ಭಕ್ತಿಯಲ್ಲಿ ಅವಳ ಡ್ರೈವನ್ನು ಸಿಕ್ಕಿಸಿ, ಎರಡನ್ನೂ ಸಮ ಮಾಡು ಎಂಬ ಆಜ್ಞೆ ಕೊಟ್ಟ. ಕಂಪ್ಯೂಟರು, ಖಂಡಿತವೇ ಎಂದು ಕೇಳಿತು. ಖಂಡಿತ ಎಂದು ಒತ್ತಿದ. ಯಂತ್ರ ಹೇಳಿದ ಮಾತು ಕೇಳುವಂಥದ್ದು. ಇದರಲ್ಲಿ ಇಲ್ಲದ್ದನ್ನು ಅದರಲ್ಲೂ ಇಲ್ಲದಂತೆ ಮಾಡಿತು. ಸಂಜೆ ತಿಳಿದಾಗ ಅವನಿಗೆ ಕಾಲ ಕೆಳಗಿನ ನೆಲ ಇದ್ದಹಾಗೇ ಇತ್ತು, ಕಾಲೇ ಇರಲಿಲ್ಲ. ಡ್ರೈವು ರಿಪೇರಿಯವನು ನಾಲ್ಕು ದಿನ ಕೆದಕಿ ಒಂದೇ ಒಂದು ಚೂರು ತಂದುಕೊಟ್ಟ, ಒಂಬತ್ತನೆಯ ಅಧ್ಯಾಯದ ಮೊದಲಿನ ಆ ಮೂವತ್ತು ಸೆಕೆಂಡಿನ ಮೌನ. "ಇದರಲ್ಲಿ ಏನೂ ಇಲ್ಲ ಸಾರ್, ಬರೀ ಖಾಲಿ" ಎಂದು ಅವನು ಕ್ಷಮೆ ಕೇಳಿದ. ಅಂದಿನಿಂದ ಅವನು ದಿನಕ್ಕೊಮ್ಮೆ ಅದನ್ನು ಕಿವಿಗೆ ಹಚ್ಚಿಕೊಂಡು ಕೇಳುತ್ತಾನೆ. ಹನ್ನೊಂದನೆಯ ಸೆಕೆಂಡಿಗೆ ಕುರ್ಚಿ ಸಣ್ಣಗೆ ಕಿರುಗುಟ್ಟುತ್ತದೆ. ಇಪ್ಪತ್ತೆರಡಕ್ಕೆ ದೂರದ ರಸ್ತೆಯಲ್ಲಿ ಸ್ಕೂಟರೊಂದು ಹೋಗುತ್ತದೆ. ಇಪ್ಪತ್ತೊಂಬತ್ತಕ್ಕೆ ಅಕ್ಕ ಮಾತಿಗೆಂದು ಉಸಿರು ಎಳೆದುಕೊಳ್ಳುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಎಚ್ಚರವಾದ ಅಕ್ಕ ಹತ್ತು ದಿನ ಮಾತಾಡುವಂತಿರಲಿಲ್ಲ. ಚೀಟಿಯ ಮೇಲೆ ಅವಳು ಮೊದಲು ಬರೆದದ್ದು, ಎಲ್ಲಾ ಭದ್ರವಾಗಿದೆಯಾ, ಎಂದು. ಅವನು ತಲೆಯಾಡಿಸಿದ್ದ. ಬಾಯಿಬಿಟ್ಟು ಸುಳ್ಳು ಹೇಳಿಲ್ಲವಲ್ಲ ಎಂದು ಮೊದಮೊದಲು ಸಮಾಧಾನ ಮಾಡಿಕೊಂಡ. ಆಮೇಲೆ ಅದೇ ತಲೆ ಅವನಿಗೆ ಭಾರವಾಯಿತು. "ಒಂಬತ್ತು ಎಲ್ಲಿಗೆ ಬಂತೋ?" ಎಂದು ಅಕ್ಕ ಆಗಾಗ ಕೇಳುವಳು, ಅವನು ತಲೆಯಾಡಿಸುವನು. ಅವಳು ತಾನಾಗಿ ಅದನ್ನು ಕೇಳಿ ನೋಡಲಿಲ್ಲ, ಯಾಕೆಂದು ಅವನು ವಿಚಾರಿಸಲಿಲ್ಲ. ನಾಲ್ಕು ತಿಂಗಳಲ್ಲಿ ಅವನ ಪ್ರಾರ್ಥನೆಯೇ ಎರಡು ಸಲ ಬದಲಾಗಿತ್ತು. ಮೊದಲು, ಆ ಅಧ್ಯಾಯ ಹೇಗಾದರೂ ಮರಳಿ ಬರಲಿ ಎಂದಿತ್ತು. ಆಮೇಲೆ, ಅಕ್ಕನಿಗೆ ಆ ಪುಸ್ತಕವೇ ಮರೆತುಹೋಗಲಿ ಎಂದಾಯಿತು. ಈಚೆಗೆ, ಈ ನಮೂನೆಯ ಪೆಟ್ಟಿಗೆ ತಯಾರಿಸುವುದನ್ನೇ ಕಂಪನಿಯವರು ನಿಲ್ಲಿಸಿಬಿಡಲಿ ಎಂಬಲ್ಲಿಗೆ ಇಳಿದಿತ್ತು. ಇವತ್ತು ಬೆಳಿಗ್ಗೆಯೂ ಕಣ್ಣು ಮುಚ್ಚಿ ಅದನ್ನೇ ಬೇಡುತ್ತಿರುವಾಗ ಫೋನು ಬಂದಿತ್ತು. ಆಪರೇಟರ್ ಮಾವ. ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ದನಿಗೆಲ್ಲ ದನಿ ಜೋಡಿಸುತ್ತಿದ್ದ, ಹುಟ್ಟಿನಿಂದ ಕಣ್ಣಿಲ್ಲದ ಮುದುಕ. ಅವರ ಪ್ರತಿ ಪುಸ್ತಕವನ್ನೂ ಕೇಳಿ, ನಲವತ್ತನೇ ನಿಮಿಷದಲ್ಲಿ ಪುಟ ತಿರುವಿದ ಸದ್ದು ಉಳಿದಿದೆ ಎಂದು ಫೋನು ಮಾಡುವ ಬೇಹುಗಾರ. "ಏನಪ್ಪಾ, ಪೆಟ್ಟಿಗೆ ತಗೊಂಡ್ಯಾ? ಆ ಕಿವುಡ ಗಂಡನ್ನ ಯಾವಾಗ ಬಿಡುಗಡೆ ಮಾಡ್ತೀಯೋ?" ಎಂದ. ಅವನು, ಆಗುತ್ತೆ ಮಾವ, ಆಗುತ್ತೆ ಎಂದು ಫೋನಿಟ್ಟಿದ್ದ.

"ಈಗ ಒಂದು ಕೊನೇ ಅನುಮಾನ" ಎಂದು ಅವನು ಅಂಗಡಿಯಾಕೆಯ ಕಡೆ ತಿರುಗಿದ. ದನಿ ತನಗೇ ಕೀರಲಾಗಿ ಕೇಳಿತು. "ಎರಡು ಡಿಸ್ಕಲ್ಲೂ ಒಂದೇ ಇರುತ್ತೆ ಅಂದ್ರಿ. ಕನ್ನಡಿ ಥರ."

"ಹೌದು. ಒಂದು ಕೆಟ್ಟುಹೋದ್ರೆ ಇನ್ನೊಂದಿರುತ್ತೆ. ನೀವು ಅದನ್ನ ತೆಗೆದು ಹೊಸದು ಹಾಕಿದ್ರೆ ತಾನೇ ತುಂಬ್ಕೊಳ್ಳುತ್ತೆ."

"ಹಾಗಾದ್ರೆ ಏನೂ ಕಳೆದುಹೋಗಲ್ಲ" ಎಂದಳು ಅಕ್ಕ.

"ಅಯ್ಯೋ, ಅದೊಂದು ತಪ್ಪು ಎಲ್ಲರೂ ಮಾಡ್ತಾರೆ ನೋಡಿ." ಅಂಗಡಿಯಾಕೆ ಬಟ್ಟೆಯಿಂದ ಪೆಟ್ಟಿಗೆಯ ತಲೆ ಒರೆಸಿದಳು. "ಡಿಸ್ಕ್ ಕೆಟ್ರೆ ಕಾಪಾಡುತ್ತೆ. ನೀವೇ ಕೈಯಾರೆ ಅಳಿಸಿದ್ರೆ ಎರಡರಲ್ಲೂ ಹೋಯ್ತು. ಕನ್ನಡಿ ಮುಂದೆ ನಿಂತು ಮೀಸೆ ಬೋಳಿಸ್ಕೊಂಡ್ರೆ ಕನ್ನಡಿಯಲ್ಲಿರೋನಿಗೆ ಮೀಸೆ ಉಳಿಯುತ್ತಾ? ಅದಕ್ಕೇ ಇನ್ನೊಂದು ಪ್ರತಿ ಬೇರೆ ಯಾರ ಮನೇಲಾದ್ರೂ ಇಟ್ಟಿರಬೇಕು. ಇದರಲ್ಲಿ ಒಂದು ಅನುಕೂಲ ಇದೆ, ಪ್ರತಿದಿನದ ಸ್ಥಿತಿಯನ್ನ ನೆನಪಿಟ್ಕೊಳ್ಳುತ್ತೆ. ಅಳಿಸಿದ್ರೂ ನಿನ್ನೆಗೆ ಹೋಗಬಹುದು, ಮೊನ್ನೆಗೆ ಹೋಗಬಹುದು."

"ನಾಲ್ಕು ತಿಂಗಳ ಹಿಂದಕ್ಕೆ?"

"ತಗೊಂಡ ದಿನದಿಂದ ಈಚೆಗೆ ಸಾರ್. ಅದರ ಹಿಂದಿನದಕ್ಕೆ ದೇವರೇ ಗತಿ."

ಅವನ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು. ಮೀಸೆ ಇತ್ತು. ಆದರೂ ಅಂಗಡಿಯ ಗಾಜಿನಲ್ಲಿ ಕಂಡವನ ಮುಖ ಬೋಳುಬೋಳಾಗಿ, ಸಿಕ್ಕಿಬಿದ್ದವನ ಮುಖದಂತೆ ಹುಳ್ಳಗಿತ್ತು. ಈ ಹೆಂಗಸಿಗೆ ಎಲ್ಲ ಗೊತ್ತಿದೆ ಎನಿಸಿತು. ಪೆಟ್ಟಿಗೆಯ ಮುಂದಿನ ನೀಲಿ ದೀಪ ಮಿಣುಕಿತು, ಅದಕ್ಕೂ ಗೊತ್ತಿರಬೇಕು. ಇನ್ನೇನು ಉಳಿದಿದೆ ಕೇಳಲು? ಗಾತ್ರ ಕೇಳಿಯಾಯಿತು, ಬಿಸಿ ಕೇಳಿಯಾಯಿತು, ಬಣ್ಣವನ್ನೂ ಕೇಳಿಯಾಯಿತು. ದೇವರು ಕಂಪನಿಯನ್ನು ಮುಚ್ಚಿಸಲಿಲ್ಲ. ದೇವರಿಗೆ ಬೇರೆ ಕೆಲಸವಿರುತ್ತದೆ.

"ಅಕ್ಕಾ" ಎಂದ. "ಒಂಬತ್ತನೇ ಅಧ್ಯಾಯ ಇಲ್ಲ."

"ಎಲ್ಲಿ ಇಲ್ಲ?"

"ಎಲ್ಲೂ ಇಲ್ಲ. ನಾನೇ ಅಳಿಸಿದೆ. ಎರಡರಲ್ಲೂ."

ಅಂಗಡಿಯಾಕೆ ಮೆಲ್ಲಗೆ ಬೆನ್ನು ತಿರುಗಿಸಿ, ಆಗಲೇ ಫಳಫಳ ಹೊಳೆಯುತ್ತಿದ್ದ ಒಂದು ಗೂಡನ್ನು ಮತ್ತೆ ಒರೆಸತೊಡಗಿದಳು. ಅಕ್ಕ ಬಾಗಿಲು ತಳ್ಳಿ ಹೊರಗೆ ಹೋದಳು. ಅವನು ಹಿಂದೆಯೇ ಹೋದ. ಅಂಗಡಿಯ ಎದುರಿಗೆ, ಬಸ್ಸಿಗೆ ಕಾಯುವವರಿಗೆಂದು ಹಾಕಿದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಒಂದು ಬಸ್ಸು ಬಂತು, ಬಾಗಿಲು ತೆರೆದು ಇವರನ್ನು ನೋಡಿತು, ಮುಚ್ಚಿಕೊಂಡು ಹೋಯಿತು. ಅವನು ಅಭ್ಯಾಸಬಲದಿಂದ ಎಣಿಸುತ್ತಿದ್ದ. ಹನ್ನೊಂದು. ಕುರ್ಚಿ ಕಿರುಗುಟ್ಟಲಿಲ್ಲ. ಇಪ್ಪತ್ತೆರಡು. ಸ್ಕೂಟರುಗಳು ಬೇಕಾದಷ್ಟು ಹೋದವು. ಮೂವತ್ತು ದಾಟಿತು, ಅರವತ್ತು ದಾಟಿತು. ಅಕ್ಕನ ಹತ್ತಿರ ಇಷ್ಟು ಉದ್ದದ ಮೌನ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ಯಾವತ್ತು?" ಎಂದಳು ಕೊನೆಗೆ.

"ನಿನ್ನ ಆಪರೇಷನ್ ದಿನ."

"ನಾನು ಚೀಟಿ ಬರೆದು ಕೇಳಿದ್ನಲ್ಲೋ. ತಲೆ ಆಡಿಸಿದೆಯಲ್ಲ."

"ಆಡಿಸಿದೆ."

"ಈ ಆರು ವಾರವೂ ಫ್ಯಾನು ಸದ್ದು, ಬಿಸಿ, ಕರೆಂಟು ಅಂತ ಆ ಬಡಪಾಯಿ ಹೆಂಗಸಿನ ತಲೆ ತಿಂದಿದ್ದು ಇದಕ್ಕಾ?"

"ಬಣ್ಣ ಕೂಡ ಕೇಳಿದೆ" ಎಂದ ಅವನು. ಹೇಳಬಾರದಿತ್ತು.

ಅಕ್ಕನ ಭುಜ ಅಲುಗಿತು. ಅಳುತ್ತಿದ್ದಾಳೆಂದುಕೊಂಡು ಅವನು ಮುಖ ನೋಡಲಾರದೆ ತನ್ನ ಚಪ್ಪಲಿ ನೋಡಿದ. ಆ ಹೊಸ ನಗು, ಜಲ್ಲಿಕಲ್ಲಿನ ಮೇಲೆ ಗಾಡಿ ಎಳೆದಂಥದ್ದು, ಹೊರಗೆ ಬಂದಾಗಲೇ ಗೊತ್ತಾದದ್ದು. ನಗು ಅರ್ಧಕ್ಕೇ ನಿಂತಿತು. "ಅದರಲ್ಲಿ ನನ್ನ ಗಂಟಲು ಚೆನ್ನಾಗಿತ್ತು ಕಣೋ. ನೋವಿದ್ದರೂ ಚೆನ್ನಾಗಿ ಕೂತಿತ್ತು. ಅದಕ್ಕೇ ಕೇಳೋ ಧೈರ್ಯ ಬರ್ಲಿಲ್ಲ. ಇದೆಯಲ್ಲ, ಯಾವಾಗಾದ್ರೂ ಕೇಳೋಣ ಅಂತ ಇದ್ದೆ. ದಿನಾ ಆ ಡ್ರೈವು ಚೀಲದಲ್ಲಿಟ್ಟುಕೊಂಡು ಓಡಾಡಿದ್ದೀನಿ, ದೇವರ ಫೋಟೋ ಥರ." ಸೆರಗಿನಿಂದ ಮೂಗೊರೆಸಿಕೊಂಡಳು. ಖಾಲಿ ಫೋಟೋದ ಚೌಕಟ್ಟನ್ನು ಅವಳ ಹೆಗಲಿಗೆ ಹೊರಿಸಿದವನು ತಾನೇ. ಬಯ್ದುಬಿಟ್ಟಿದ್ದರೆ ಎಷ್ಟು ಸಲೀಸಾಗಿತ್ತು.

ಬಯ್ಗುಳ ಬರಲಿಲ್ಲ. ಬದಲಿಗೆ ಅಕ್ಕ ಬೆಂಚಿನ ತುದಿಗೆ ಸರಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ತಪ್ಪು ಮಾಡಿದ ಹುಡುಗಿಯಂತೆ ರಸ್ತೆಯ ಆ ಬದಿಯನ್ನು ನೋಡುತ್ತಾ, "ನಾನೂ ಒಂದು ಹೇಳ್ತೀನಿ. ಹಾರಾಡಬಾರದು" ಎಂದಳು.

"ಏನು?"

"ಶುದ್ಧ ಮಾಡದೆ ಇರೋ ಓದು ಒಂದು ನಿಮಿಷದ್ದೂ ನಮ್ಮಿಬ್ಬರನ್ನ ಬಿಟ್ಟು ಬೇರೆಯವರ ಕೈಗೆ ಹೋಗಬಾರದು ಅಂತ ನೀನು ಗೋಡೆ ಮೇಲೆ ಬರೆದು ಅಂಟಿಸಿದ್ದೀಯಲ್ಲ."

"ಹೂಂ."

"ಹೋಗುತ್ತೆ. ಮೂರು ವರ್ಷದಿಂದ ಹೋಗ್ತಾ ಇದೆ. ಮನೆಗೆ ಹೋಗೋ ದಾರೀಲಿ ಆಪರೇಟರ್ ಮಾವನ ಮನೆಗೆ ಹೊಕ್ಕು, ಆ ದಿನ ಓದಿದ್ದನ್ನ ಅವರ ಕಂಪ್ಯೂಟರಿಗೆ ಹಾಕಿ ಹೋಗ್ತೀನಿ. ನೀನು ಶುದ್ಧ ಮಾಡೋ ತನಕ ಕಾಯೋಕೆ ಅವರಿಗೆ ಆಗಲ್ಲ. ಕಥೆ ಮುಂದೇನಾಯ್ತು ಅಂತ ಪ್ರಾಣ ತಿಂತಾರೆ."

ಅವನಿಗೆ ಮೊದಲು ಬಂದದ್ದು ಸಿಟ್ಟೇ. ಕೆಮ್ಮು, ತಡವರಿಕೆ, ಪುಟದ ಸದ್ದು, ಎಲ್ಲವೂ ಇರುವ ಹಸಿ ಓದು ಇನ್ನೊಬ್ಬರ ಕಿವಿಗೆ, ಅದೂ ಆ ಕಿವಿಗೆ! ಹೊಲಿಗೆ ಮುಗಿಯದ ಅಂಗಿ ತೊಟ್ಟು ಬೀದಿಗೆ ಹೋದಂತೆ. ಸಿಟ್ಟು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಬೆಳಗಿನ ಫೋನು ನೆನಪಾಯಿತು. ಕಿವುಡ ಗಂಡ. ಗಂಡ ಕಿವುಡನೆಂಬ ಸಂಗತಿ ಬರುವುದೇ ಒಂಬತ್ತರಲ್ಲಿ. ಆ ಮುದುಕನಿಗೆ ಅವನ ವಿಷಯ ಗೊತ್ತಾದದ್ದು ಹೇಗೆ?

"ಅಕ್ಕಾ, ಆಪರೇಷನ್ ಹಿಂದಿನ ಸಂಜೆ..."

"ಅವತ್ತೂ ಹೋಗಿದ್ದೆ" ಎಂದಳು ಅಕ್ಕ. ಅವಳ ಕಣ್ಣೂ ಅಷ್ಟೇ ಅಗಲವಾಗಿತ್ತು.

ಎರಡು ಬೀದಿ ದಾಟಿ ಅವರು ನಡೆದರೋ ಓಡಿದರೋ. ಅವನ ಚೀಲ ಬೆನ್ನಿಗೆ ಬಡಿಯುತ್ತಿತ್ತು. ಅಳಿಸಿರಬಹುದು, ಮುದುಕ ಕೇಳಿದ್ದನ್ನೆಲ್ಲ ಯಾಕೆ ಇಟ್ಟುಕೊಳ್ಳುತ್ತಾನೆ, ಜಾಗ ಸಾಲದೆ ಅಳಿಸಿರಬಹುದು ಎಂದು ಪ್ರತಿ ಹೆಜ್ಜೆಗೂ ಅನಿಸುತ್ತಿತ್ತು. ನಾಲ್ಕನೆಯ ಪ್ರಾರ್ಥನೆ ಎಷ್ಟು ಚಿಕ್ಕದಾಗಿತ್ತೆಂದರೆ ಅದರಲ್ಲಿ ಮಾತೇ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಮುದುಕ ಕುರ್ಚಿಯಿಂದಲೇ, "ಇಬ್ಬರದೂ ಹೆಜ್ಜೆ! ಒಬ್ಬಳು ಕಳ್ಳಿ, ಒಬ್ಬ ಪೊಲೀಸು. ಕೊನೆಗೂ ಸಿಕ್ಕಿಬಿದ್ಯಾ?" ಎಂದ.

"ಮಾವ, ಒಂಬತ್ತು ಇದೆಯಾ?" ಎಂದಳು ಅಕ್ಕ ಏದುಸಿರಿನಲ್ಲೇ.

"ಇಲ್ದೆ ಎಲ್ಲಿಗೆ ಹೋಗುತ್ತೆ? ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಜನರ ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಿದೆ, ಒಂದನ್ನೂ ಇಟ್ಟುಕೊಳ್ಳೋ ಹಾಗಿರಲಿಲ್ಲ. ಈಗ ಸಿಕ್ಕಿದ್ದು ಬಿಡ್ತೀನಾ?" ಎಂದು ಮುದುಕ ಕಂಪ್ಯೂಟರಿನ ಕಡೆ ತಿರುಗಿದ. ಬೆರಳುಗಳು ಗುಂಡಿಗಳ ಮೇಲೆ ಓಡಿದವು, ಕಂಪ್ಯೂಟರು ತನ್ನ ಯಂತ್ರದ ದನಿಯಲ್ಲಿ ಹೆಸರುಗಳನ್ನು ಗೊಣಗಿತು. ಏಳು. ಎಂಟು. ಒಂಬತ್ತು. ಆಮೇಲೆ ಮುದುಕ ಕೈಯೆತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದ.

ಮೌನ ಶುರುವಾಯಿತು. ಅವನಿಗೆ ಅದರ ಮೊದಲ ಕ್ಷಣದಲ್ಲೇ ಗುರುತು ಸಿಕ್ಕಿತು. ಮನೆಯ ಹಾದಿಯ ಕಲ್ಲುಗಳಷ್ಟು ಪರಿಚಯದ ಮೌನ. ಹನ್ನೊಂದಕ್ಕೆ ಕುರ್ಚಿ ಕಿರುಗುಟ್ಟಿತು. ಇಪ್ಪತ್ತೆರಡಕ್ಕೆ ಸ್ಕೂಟರು ದೂರದಿಂದ ಬಂದು ದೂರಕ್ಕೆ ಹೋಯಿತು. ಇಪ್ಪತ್ತೊಂಬತ್ತಕ್ಕೆ ಅಕ್ಕ ಉಸಿರು ಎಳೆದುಕೊಂಡಳು. ನಾಲ್ಕು ತಿಂಗಳಿಂದ ದಿನವೂ ಲೋಕ ಮುಗಿಯುತ್ತಿದ್ದುದು ಇಲ್ಲೇ. ಅವನು ಕಣ್ಣು ಬಿಗಿಯಾಗಿ ಮುಚ್ಚಿದ.

"ಅಧ್ಯಾಯ ಒಂಬತ್ತು" ಎಂದಿತು ಅಕ್ಕನ ದನಿ.

ತಿಳಿಯಾದ, ನೇರವಾದ, ಹೊಲಿಗೆ ಯಂತ್ರದ ಪಕ್ಕದ ಮಣೆಯಿಂದ ಎದ್ದು ಬಂದ ದನಿ. ಅದು ಎರಡು ಪುಟ ಓದಿತು. ಸಾಲಿನ ಕೊನೆಗೆ ನಿಂತು, ಉಸಿರೆಳೆದುಕೊಂಡು, ಮುಂದೆ ಹೋಗುತ್ತಿತ್ತು. ಉಸಿರಿಗೆಂದು ಅದು ಅಮ್ಮ ನಿಲ್ಲುತ್ತಿದ್ದ ಹಾಗೆಯೇ ನಿಲ್ಲುತ್ತದೆಂದು ಅವನಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅದನ್ನೆಲ್ಲ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದವನು ತಾನೇ. ಮೂರನೆಯ ಪುಟದಲ್ಲಿ ಓದು ಗಕ್ಕನೆ ನಿಂತಿತು. "ಲೋ ಪುಟ್ಟಾ" ಎಂದಿತು ದನಿ, "ಅದು ನಿನ್ನ ಹೊಟ್ಟೆ ಏನೋ ಗುಡುಗ್ತಾ ಇರೋದು? ಗಾಜು ದಾಟಿ ಬರ್ತಾ ಇದೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ? ನಾಳೆ ಕತ್ತರಿಸೋದು ನನ್ನ ಗಂಟಲು ಕಣೋ, ನಿನ್ನ ಹೊಟ್ಟೆಯಲ್ಲ. ಹೋಗು, ಏನಾದ್ರೂ ತಿಂದು ಬಾ."

ಮುದುಕ ಕುರ್ಚಿಯ ಕೈ ಬಡಿದು ನಕ್ಕ. "ನನಗೆ ಇಡೀ ಪುಸ್ತಕದಲ್ಲಿ ಇಷ್ಟವಾದ ಜಾಗ ಇದೇ! ಹತ್ತು ಸಲ ಕೇಳಿದ್ದೀನಿ. ನೀನು ಶುದ್ಧ ಮಾಡಿ ಕಳಿಸೋದು ಕೇಳೋಕೆ ಚಂದ ಕಣಪ್ಪ, ಆದ್ರೆ ಉಸಿರಾಡದೆ ಓದೋರು ಯಾರಿದ್ದಾರೆ?"

ಅವನು ಅಕ್ಕನ ಕಡೆ ನೋಡಿದ. ಅವಳು ನಗುತ್ತಿರಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಪಕ್ಕದ ಮನೆಯ ಹುಡುಗಿಯ ಓದು ಕೇಳುವಂತೆ ಕೇಳುತ್ತಿದ್ದಳು. "ಚೆನ್ನಾಗಿ ಓದ್ತಿದ್ಲು ಕಣೋ ಇವಳು" ಎಂದಳು, ತನ್ನ ಹೊಸ ಒರಟು ದನಿಯಲ್ಲಿ.

"ಈಗಿನವಳೇನು ಕಡಿಮೆಯಾ?" ಮುದುಕ ಹುಬ್ಬೇರಿಸಿದ. "ಹತ್ತೂ ಹನ್ನೊಂದೂ ಕೇಳಿದೆ. ಒಂಬತ್ತರಲ್ಲಿ ಮನಸ್ಸಲ್ಲಿದ್ದಿದ್ದೆಲ್ಲ ಆಡಿಬಿಟ್ಟ ಮೇಲೆ ಆ ಹೆಂಗಸಿನ ದನಿ ಹಾಗೇ ಒಡೆದಿರಬೇಕು ಅನ್ನಿಸ್ತು. ನೀವು ಬೇಕಂತಲೇ ಮಾಡಿದ್ದು ಅಂದ್ಕೊಂಡೆ."

ಅಕ್ಕ ಎದ್ದು ಹೋಗಿ ಮುದುಕನ ನೀರಿನ ಹೂಜಿಯಿಂದ ಒಂದು ಲೋಟ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದಳು.

ಅಂಗಡಿಗೆ ಮರಳಿದಾಗ ಅಂಗಡಿಯಾಕೆ ಇಬ್ಬರ ಮುಖವನ್ನೂ ಸರದಿಯಲ್ಲಿ ನೋಡಿದಳು. "ಇವತ್ತು ಫ್ಯಾನಿನ ಸದ್ದು ಕೇಳಲ್ವಾ?" ಎಂದಳು.

"ಎರಡು ಗೂಡಿಂದು ಕೊಡಿ" ಎಂದ ಅವನು. "ಅದರ ಜೊತೆ ಬಿಡಿ ಡ್ರೈವು ಒಂದು. ಅದು ಬೇರೆ ಮನೆಯಲ್ಲಿರುತ್ತೆ. ಪ್ರತಿ ಸಂಜೆ ಇವಳು ಹೋಗಿ ತುಂಬಿಸಿ ಬರ್ತಾಳೆ."

"ಈ ಸಲ ಪರ್ಮಿಷನ್ ತಗೊಂಡು" ಎಂದಳು ಅಕ್ಕ.

ಒಳಗಿನಿಂದ ಗಂಡನ ದನಿ, "ಹಾಗಾದ್ರೆ ಮುಂದಿನ ಸೋಮವಾರ ಬರಲ್ವಾ ಅವರು?" ಎಂದು ಕೇಳಿತು. ಅದರಲ್ಲಿ ನಿಜವಾದ ಬೇಸರವಿತ್ತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಬಿಸ್ಕತ್ತಿನ ಡಬ್ಬ ಖಾಲಿಯಾಗಿ, ಹನ್ನೊಂದು ಡ್ರೈವುಗಳೂ ಮೇಜಿನ ಮೇಲೆ ಮಲಗಿದ್ದವು. ಹೊರಕೋಣೆಯ ಕಪಾಟಿನಲ್ಲಿ ಪೆಟ್ಟಿಗೆ ನೀಲಿ ದೀಪ ಹಚ್ಚಿಕೊಂಡು ಕೂತಿತ್ತು. ಅದರ ಫ್ಯಾನಿಗೆ ಸದ್ದು ಎಂಬುದೇ ಇರಲಿಲ್ಲ. ಆರು ವಾರ ಕಿವಿ ಹಚ್ಚಿ ಕೇಳಿದ್ದೆಲ್ಲ ತನ್ನ ಎದೆಯದೇ ಇರಬೇಕು. ಗಾಜಿನಾಚೆ ಅಕ್ಕ ಹನ್ನೆರಡನೆಯ ಅಧ್ಯಾಯಕ್ಕೆ ಪುಸ್ತಕ ತೆರೆದು, ಪಕ್ಕದಲ್ಲಿ ಪಟ್ಟಿಯನ್ನೂ ಪೆನ್ಸಿಲನ್ನೂ ಇಟ್ಟುಕೊಂಡು ಕೂತಿದ್ದಳು. ಎಂಟರ ತನಕ ಗೆರೆ ಬಿದ್ದಿತ್ತು. ಅವಳು ಮೈಕಿನ ಹತ್ತಿರ ಬಾಗಿ, "ಎಲ್ಲಾ ಭದ್ರವಾಗಿದೆಯಾ?" ಎಂದಳು.

ಅವನ ತಲೆ ಅಭ್ಯಾಸದಂತೆ ಅಲುಗಲು ಹೊರಟಿತ್ತು. ಅರ್ಧದಲ್ಲಿ ತಡೆದ. ಮಾವನ ಮನೆಯಿಂದ ತಂದು ಇಳಿಸಿದ್ದ ಒಂಬತ್ತನ್ನು ಪೆಟ್ಟಿಗೆಯಿಂದ ತೆರೆದು, ಹೆಡ್‌ಫೋನು ಕಿವಿಗೆ ಹಾಕಿಕೊಂಡು ಕೇಳತೊಡಗಿದ. ಕುರ್ಚಿ, ಸ್ಕೂಟರು, ಉಸಿರು, ದನಿ, ಹೊಟ್ಟೆ, ಬಯ್ಗುಳ. ಹದಿನೆಂಟು ಪುಟ. ಗಾಜಿನಾಚೆ ಅಕ್ಕ ಗಡಿಯಾರ ನೋಡಿದಳು, ಕೈ ಕಟ್ಟಿಕೊಂಡಳು, ಆಮೇಲೆ ಬೆನ್ನು ಒರಗಿಸಿ ಕಾದಳು. ಕಡೆಯ ಸಾಲು ಮುಗಿದು ಕಡೆಯ ಉಸಿರೂ ಹೊರಟ ಮೇಲೆ ಅವನು ಹೆಡ್‌ಫೋನು ಕೆಳಗಿಟ್ಟು, ಅಂಗಿಯ ತುದಿಯಿಂದ ಮಾತಾಡುವ ಗುಂಡಿಯ ಧೂಳು ಒರೆಸಿ, ಒತ್ತಿದ.

"ಇದೆ ಅಕ್ಕ" ಎಂದ. "ಪೂರ್ತಿ ಕೇಳಿ ಹೇಳ್ತಾ ಇದ್ದೀನಿ."

ಅಕ್ಕ ಪೆನ್ಸಿಲು ತೆಗೆದುಕೊಂಡು ಒಂಬತ್ತರ ಮುಂದೆ ಗೆರೆ ಎಳೆದಳು. ಆಮೇಲೆ ಹನ್ನೆರಡಕ್ಕೆಂದು ಇಬ್ಬರೂ ಅಲ್ಲಾಡದೆ ಮೂವತ್ತು ಸೆಕೆಂಡು ಕೂತರು.